ಟಚ್‌ಸ್ಕ್ರೀನ್ ಕೆಟ್ಟರೆ ಕಾರೇ ಕೆಟ್ಟಂತೆಯೇ?

ನೀವು ಕೇಳಿರುವುದು ಇಷ್ಟು: ತಂದೆಯವರು ಓಡಿಸಲು ಹೊಸ ಕಾರು ನೋಡುತ್ತಿದ್ದೀರಿ, ಇಷ್ಟವಾದ ಮಾಡೆಲ್‌ನಲ್ಲಿ ಎಸಿ ಕೂಡ ಟಚ್‌ಸ್ಕ್ರೀನ್ ಒಳಗೇ ಇದೆ, "ಸ್ಕ್ರೀನ್ ಹೋದರೆ ಕಾರೇ ಹೋದಂತೆ" ಎಂದು ಮೆಕ್ಯಾನಿಕ್ ಹೆದರಿಸಿದ್ದಾರೆ. ನಾನು ಕಾರಿನ ಇಸಿಯುಗಳ, ಅಂದರೆ ಕಾರಿನೊಳಗಿನ ಪುಟ್ಟ ಕಂಪ್ಯೂಟರ್‌ಗಳ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿರುವವನು. ಮೆಕ್ಯಾನಿಕ್ ಮಾತು ಪೂರ್ತಿ ನಿಜವಲ್ಲ. ಆದರೂ ನಿಮ್ಮ ತಂದೆಗೆ ಆ ಕಾರು ಬೇಡ ಅಂತಲೇ ಹೇಳುತ್ತೇನೆ, ಕಾರಣ ಮಾತ್ರ ಬೇರೆ.

ಇಂಜಿನ್, ಎಬಿಎಸ್, ಏರ್‌ಬ್ಯಾಗ್, ಬಾಗಿಲು, ಎಸಿ ಹೀಗೆ ಒಂದೊಂದನ್ನೂ ನೋಡಿಕೊಳ್ಳುವುದು ಒಂದೊಂದು ಇಸಿಯು. ಅವು ಮಾತಾಡಿಕೊಳ್ಳುವುದು ಹೆಚ್ಚಾಗಿ ಕ್ಯಾನ್ ಬಸ್ ಎಂಬ, ಎಲ್ಲಕ್ಕೂ ಸೇರಿದ ತಂತಿಯ ಮೇಲೆ. ಬಾಷ್ 1986ರಲ್ಲಿ ಪರಿಚಯಿಸಿದ, 1991ರ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಮೊದಲು ಕಾರಿಗೆ ಬಂದ ವ್ಯವಸ್ಥೆ ಅದು. ಹೆಣೆದ ಎರಡು ತಂತಿ, ಮೂಲ ರೂಪದಲ್ಲಿ ಒಂದು ಸಂದೇಶಕ್ಕೆ ಹೆಚ್ಚೆಂದರೆ 8 ಬೈಟ್ ಮಾಹಿತಿ, ಅಷ್ಟೇ. ಓಣಿಯಲ್ಲಿ ನಿಂತು ಕೂಗಿದ ಹಾಗೆ: ಹೇಳಿದ್ದು ಎಲ್ಲರ ಕಿವಿಗೂ ಬೀಳುತ್ತದೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಇಬ್ಬರು ಒಟ್ಟಿಗೆ ಶುರುಮಾಡಿದರೆ ಚಿಕ್ಕ ಐಡಿ ನಂಬರ್ ಇರುವ ಸಂದೇಶ ಮುಂದುವರಿಯುತ್ತದೆ, ಇನ್ನೊಂದು ತಡೆದು ಮತ್ತೆ ಪ್ರಯತ್ನಿಸುತ್ತದೆ. ಬ್ರೇಕ್, ಇಂಜಿನ್‌ಗಳ ಲೈನು ಸಾಮಾನ್ಯವಾಗಿ ಬೇರೆ, ಹಾಡು-ಮ್ಯಾಪ್ ಇರುವ ಸ್ಕ್ರೀನಿನ ಲೈನು ಬೇರೆ, ನಡುವೆ ಕಾವಲಿಗೆ ಗೇಟ್‌ವೇ, ಅಂದರೆ ಯಾವ ಸಂದೇಶ ದಾಟಬಹುದು ಎಂದು ನೋಡಿ ಬಿಡುವ ಇನ್ನೊಂದು ಕಂಪ್ಯೂಟರ್. ಹಾಗಾಗಿ ಸ್ಕ್ರೀನ್ ಹ್ಯಾಂಗ್ ಆದರೂ ಬ್ರೇಕ್ ಹಿಡಿಯುತ್ತದೆ, ಸ್ಟೀರಿಂಗ್ ತಿರುಗುತ್ತದೆ.

ಸ್ಕ್ರೀನಿನೊಳಗೆ ಮಾತ್ರ ಇರುವ ಸೌಕರ್ಯಗಳದ್ದೇ ತೊಂದರೆ. 2021ರಲ್ಲಿ ಅಮೆರಿಕದಲ್ಲಿ ಟೆಸ್ಲಾ ಸುಮಾರು 1.35 ಲಕ್ಷ ಮಾಡೆಲ್ ಎಸ್, ಎಕ್ಸ್ ಕಾರುಗಳನ್ನು ವಾಪಸ್ ಕರೆಸಿಕೊಂಡದ್ದು ಇದಕ್ಕೇ. ಸ್ಕ್ರೀನ್ ನಡೆಸುವ ಕಂಪ್ಯೂಟರಿನ 8 ಜಿಬಿ ಫ್ಲ್ಯಾಶ್ ಮೆಮೊರಿ ಮಾಹಿತಿ ಬರೆದೂ ಬರೆದೂ ಸವೆದಾಗ ರಿವರ್ಸ್ ಕ್ಯಾಮೆರಾ ಹೋಗುತ್ತಿತ್ತು, ಗಾಜಿನ ಮಂಜು ತೆಗೆಯುವ ಡೀಫ್ರಾಸ್ಟ್ ಕಂಟ್ರೋಲ್ ಕೂಡ ಕೈಕೊಡುತ್ತಿತ್ತು.

ಆದರೆ ಸ್ಕ್ರೀನ್ ಕೆಡುವುದು ಅಪರೂಪ. ಸರಿಯಾಗಿರುವ ಸ್ಕ್ರೀನ್ ದಿನಾ ಕೊಡುವ ಕಾಟದ ಬಗ್ಗೆ ಯೋಚಿಸಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮುಂದಿನ ಗಾಜು ಒಳಗಿನಿಂದ ಮಬ್ಬಾಗುತ್ತದೆ, ಎದುರಿಗೆ ಟ್ಯಾಂಕರ್. ತಿರುಗಿಸುವ ನಾಬ್ ಇದ್ದರೆ ಕಣ್ಣು ರಸ್ತೆ ಬಿಡಬೇಕಾಗಿಲ್ಲ, ಕೈ ತಾನೇ ಹುಡುಕಿಕೊಳ್ಳುತ್ತದೆ, ಎಷ್ಟು ತಿರುಗಿತು ಅನ್ನುವುದು ಬೆರಳಿಗೇ ತಿಳಿಯುತ್ತದೆ. ಸ್ಕ್ರೀನ್ ಆದರೆ ಮೊದಲು ಮ್ಯಾಪ್ ಬಿಟ್ಟು ಎಸಿ ಪುಟಕ್ಕೆ ಹೋಗಬೇಕು, ಅಲ್ಲಿ ಗಾಜಿನ ಪುಟ್ಟ ಚಿತ್ರ ಹುಡುಕಬೇಕು. ಅಷ್ಟರಲ್ಲಿ ಗುಂಡಿ ಬಂದು ಬೆರಳು ಪಕ್ಕದ ಚಿತ್ರದ ಮೇಲೆ ಬಿದ್ದಿರುತ್ತದೆ. ಈ ಸ್ಕ್ರೀನ್‌ಗಳು ಬೆರಳನ್ನು ಗುರುತಿಸುವುದು ಒತ್ತಡದಿಂದಲ್ಲ, ಗಾಜಿನ ಕೆಳಗಿನ ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯಿಂದ. ಒದ್ದೆ ಕೈಯಾದರೆ ಅದಕ್ಕೆ ಗೊಂದಲ. ಕಿಟಕಿ ಇಳಿಸಿ ಪಾರ್ಕಿಂಗ್ ಚೀಟಿ ತಗೊಂಡ ಕೈ ಮಳೆಯಲ್ಲಿ ಒದ್ದೆಯಾಗದೆ ಇರುತ್ತದೆಯೇ?

ಸ್ವೀಡನ್‌ನ ವಿ ಬಿಲೆಗಾರೆ ಎಂಬ ಕಾರು ಪತ್ರಿಕೆ 2022ರಲ್ಲಿ ಇದನ್ನು ಅಳೆದು ನೋಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಒಂದಿಷ್ಟು ಮಾಮೂಲಿ ಕೆಲಸ: ಸೀಟು ಬಿಸಿ ಮಾಡುವುದು, ರೇಡಿಯೊ ಹಾಕುವುದು, ಇಂಥವು. ಬಟನ್‌ಗಳೇ ಇದ್ದ 2005ರ ವೋಲ್ವೊ ವಿ70ಯಲ್ಲಿ ಎಲ್ಲ ಮುಗಿಯುವಾಗ ಕಾರು ಓಡಿದ್ದು 306 ಮೀಟರ್. ಕೊನೆಯಲ್ಲಿ ನಿಂತ ಎಂಜಿ ಮಾರ್ವೆಲ್ ಆರ್‌ಗೆ ಬೇಕಾದದ್ದು 1,372 ಮೀಟರ್.

ಹಾಗಾದರೆ ಬಟನ್ ತೆಗೆದದ್ದು ತಂತ್ರಜ್ಞಾನದ ಅನಿವಾರ್ಯವೇ? ಖಂಡಿತ ಅಲ್ಲ. ಹಳೇ ಕಾರುಗಳಲ್ಲಿ ಲಿವರ್ ಸರಿಸಿದರೆ ಕೇಬಲ್ ಎಳೆದು ಗಾಳಿಯ ಬಾಗಿಲು ತೆರೆಯುತ್ತಿತ್ತು. ಈಗ ನಾಬ್ ತಿರುಗಿಸಿದರೂ ಸಾಮಾನ್ಯವಾಗಿ ಹೋಗುವುದು ಸಂದೇಶ, ಸ್ಕ್ರೀನ್ ಮುಟ್ಟಿದರೂ ಸಂದೇಶವೇ. ಎಸಿ ಇಸಿಯುಗೆ ಎರಡೂ ಒಂದೇ. ಬಟನ್ ಅಂದರೆ ಅಚ್ಚು, ಸ್ವಿಚ್ಚು, ಲೈಟು, ವೈರು, ಪ್ರತಿ ವೇರಿಯಂಟ್‌ಗೂ ಬೇರೆ ಬೇರೆ ಪ್ಯಾನೆಲ್. ಸ್ಕ್ರೀನ್ ಹೇಗೂ ಇದೆ, ಅದರಲ್ಲೇ ಒಂದು ಚಿತ್ರ ಬರೆದರೆ ದುಡ್ಡು ಉಳಿಯಿತು. ಶೋರೂಮಿನಲ್ಲಿ ಅದನ್ನು 'ಪ್ರೀಮಿಯಂ' ಅನ್ನುತ್ತಾರೆ, ಅದು ಬೇರೆ ಮಾತು.

ಗಾಳಿ ಈಗ ಸ್ವಲ್ಪ ತಿರುಗಿದೆ. ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆ ಮುಟ್ಟಿ ತಿಳಿಯುವ ಸ್ವಿಚ್ ಇಲ್ಲದಿದ್ದರೆ, ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಸಿಎಪಿ ಸಂಸ್ಥೆ 2026ರಿಂದ ಅಂಕ ಕಡಿಮೆ ಕೊಡುತ್ತದೆ. ನಮ್ಮ ದೇಶದ ಶೋರೂಮಿನ ಕಾರುಗಳಿಗೆ ಅದರ ಕಟ್ಟುಪಾಡಿಲ್ಲ, ನೀವೇ ನೋಡಿಕೊಳ್ಳಬೇಕು.

ಟೆಸ್ಟ್ ಡ್ರೈವ್‌ಗೆ ತಂದೆಯವರನ್ನೇ ಕರೆದೊಯ್ಯಿರಿ, ಆದಷ್ಟು ಮಧ್ಯಾಹ್ನದ ಬಿಸಿಲಲ್ಲಿ. ಹೊರಡುವ ಮೊದಲು, ನಿಂತ ಕಾರಲ್ಲೇ, ದೃಷ್ಟಿ ಎದುರಿಗಿಟ್ಟುಕೊಂಡು ಗಾಜಿನ ಮಬ್ಬು ತೆಗೆಯುವ ಡೀಫಾಗ್ ಹಾಕಲಿ, ಬ್ಲೋವರ್ ಹೆಚ್ಚಿಸಲಿ, ಹಾಡು ನಿಲ್ಲಿಸಲಿ. ಮೂರಕ್ಕೂ ಕಣ್ಣು ಕೆಳಗಿಳಿಯುತ್ತಿದ್ದರೆ ಬೇರೆ ಮಾಡೆಲ್ ನೋಡಿ. "ವಾಯ್ಸ್ ಕಮಾಂಡ್ ಇದೆಯಲ್ಲ ಸಾರ್" ಅಂತ ಸೇಲ್ಸ್‌ನವರು ಹೇಳೇ ಹೇಳುತ್ತಾರೆ. ಕಿಟಕಿ ತೆಗೆದು, ಮಕ್ಕಳನ್ನು ಹಿಂದೆ ಕೂರಿಸಿ, ತಂದೆಯವರ ಬಾಯಿಂದಲೇ ಹೇಳಿಸಿ ನೋಡಿ. ಒಳಗಿನ ತಂಪನ್ನು ತಾನೇ ಕಾಯ್ದುಕೊಳ್ಳುವ ಆಟೋ ಕ್ಲೈಮೇಟ್ ಇದ್ದರೆ ಮಾತ್ರ ಸ್ವಲ್ಪ ರಿಯಾಯಿತಿ ಕೊಡಬಹುದು, 24 ಡಿಗ್ರಿಗೆ ಇಟ್ಟು ಮರೆತುಬಿಟ್ಟರೂ ನಡೆಯುತ್ತದೆ.

ಇಷ್ಟೆಲ್ಲ ಆಗಿಯೂ ಅದೇ ಕಾರು ತಗೊಂಡರೆ, ಸ್ಕ್ರೀನ್ ಮಾತ್ರ ರೀಸ್ಟಾರ್ಟ್ ಮಾಡುವುದು ಹೇಗೆ ಅಂತ ಡೆಲಿವರಿ ದಿನವೇ ಕೇಳಿ ತಂದೆಯವರಿಗೆ ತೋರಿಸಿಕೊಡಿ. ಎಷ್ಟೋ ಕಾರುಗಳಲ್ಲಿ ಒಂದು ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಸಾಕು.