ಬ್ಯಾಗಿನಲ್ಲಿ ಯಾವ ಕ್ಲಬ್ ಇರಲಿ, ಯಾವುದು ಮನೆಯಲ್ಲಿರಲಿ?

ಗಾಲ್ಫ್ ಬ್ಯಾಗಿನಲ್ಲಿ ಯಾವ ಯಾವ ಕ್ಲಬ್ (ಚೆಂಡು ಹೊಡೆಯುವ ಕೋಲು) ಇಟ್ಟುಕೊಳ್ಳಬೇಕೆಂದು ಕೇಳಿ ಉತ್ತರ ಕನ್ನಡ ಜಿಲ್ಲೆಯ ಓದುಗರು ಬರೆದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಹೊಸಬರಿಗೆ ಒಂದು ಮಾತು: ಡ್ರೈವರ್ ಮತ್ತು ವುಡ್ ಅತಿ ದೂರದ ಹೊಡೆತಕ್ಕೆ, ಐರನ್ ನಡುದೂರಕ್ಕೆ, ವೆಡ್ಜ್ ಹತ್ತಿರದ ಎತ್ತರದ ಹೊಡೆತಕ್ಕೆ, ಪಟರ್ ಗ್ರೀನ್‌ನಲ್ಲಿ (ಗುಳಿಯ ಸುತ್ತಲಿನ ನುಣುಪು ಹುಲ್ಲಿನಲ್ಲಿ) ಚೆಂಡು ಉರುಳಿಸಲು; ಹೈಬ್ರಿಡ್ ಎಂಬುದು ವುಡ್ ಮತ್ತು ಐರನ್‌ಗಳ ಮಿಶ್ರಣ. ಕ್ಲಬ್‌ನ ಅಂಕಿ ಹೆಚ್ಚಿದಷ್ಟೂ ದೂರ ಕಡಿಮೆ; ಡಿಗ್ರಿ ಹೇಳುವುದು ಲಾಫ್ಟ್ ಅನ್ನು, ಅಂದರೆ ಕ್ಲಬ್‌ನ ಮುಖದ ಓರೆಯನ್ನು.

ಪ್ರಶ್ನೆ: ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಕಾರವಾರದಲ್ಲಿ ನೆಲೆಸಿರುವ ನನಗೆ ಈಗ 61 ವರ್ಷ. ಬೆಂಗಳೂರಿನಲ್ಲಿರುವ ಅಳಿಯಂದಿರು ಹೊಸ ಸೆಟ್ ಕೊಂಡಾಗ ತಮ್ಮ ಮೊದಲಿನ ಸೆಟ್ಟನ್ನು ನನಗೆ ಕೊಟ್ಟರು. ಅದರಲ್ಲಿ ಡ್ರೈವರ್, 3 ಮತ್ತು 5ರ ವುಡ್, 3ರಿಂದ 9ರವರೆಗಿನ ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್ ಮತ್ತು ಪಟರ್ ಇವೆ. ನಾನು 4ರ ಹೈಬ್ರಿಡ್ ಒಂದನ್ನೂ 60 ಡಿಗ್ರಿಯ ಲಾಬ್ ವೆಡ್ಜ್ ಒಂದನ್ನೂ ಕೊಂಡಿದ್ದರಿಂದ ಲೆಕ್ಕ 15ಕ್ಕೆ ಬಂದಿದೆ. ಗಡಿಯಾಚೆ ಗೋವಾದ ಕಾಣಕೋಣದಲ್ಲಿರುವ 9 ಹೋಲ್‌ಗಳ ಕೋರ್ಸಿನಲ್ಲಿ ಆಗಾಗ ಆಡುತ್ತೇನೆ. ಮಗಳ ಮನೆಗೆ ಹೋದಾಗ ಬೆಂಗಳೂರಿನಲ್ಲೂ ಆಡುವುದುಂಟು. ಯಾವ ಒಂದು ಕ್ಲಬ್ಬನ್ನು ಬಿಡಬೇಕು? – ನಿವೃತ್ತ ಅಧಿಕಾರಿ, ಕಾರವಾರ

ಉತ್ತರ: ನಿಯಮದ ಮಾತನ್ನು ಮೊದಲು ಮುಗಿಸೋಣ. ಒಂದು ಸುತ್ತಿನ ಆಟದಲ್ಲಿ ಆಟಗಾರನ ಬಳಿ 14ಕ್ಕಿಂತ ಹೆಚ್ಚು ಕ್ಲಬ್ ಇರಕೂಡದು. ಈ ಮಿತಿಯನ್ನು ಅಮೆರಿಕದ ಗಾಲ್ಫ್ ಸಂಸ್ಥೆ 1938ರಲ್ಲೂ, ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ 1939ರಲ್ಲೂ ಜಾರಿಗೆ ತಂದವು. ಅದಕ್ಕೆ ಮುಂಚೆ ಇಪ್ಪತ್ತನ್ನು ಮೀರಿದ ಕ್ಲಬ್‌ಗಳನ್ನು ಕ್ಯಾಡಿಯ ಹೆಗಲಿಗೆ ಹೇರಿ ಹೊರಡುವವರೂ ಇದ್ದರು. ಹೊಡೆತಗಳನ್ನು ಎಣಿಸುವ ಪಂದ್ಯದಲ್ಲಿ 15ನೆಯ ಕ್ಲಬ್ ಬ್ಯಾಗಿನಲ್ಲಿ ಸಿಕ್ಕಿದರೆ, ಅದನ್ನು ನೀವು ಒಮ್ಮೆಯೂ ಹೊರಗೆ ತೆಗೆಯದೆ ಇದ್ದರೂ, ಪ್ರತಿ ಹೋಲ್‌ಗೆ 2ರಂತೆ ಒಂದು ಸುತ್ತಿಗೆ ಗರಿಷ್ಠ 4 ಹೊಡೆತಗಳ ದಂಡ ಬೀಳುತ್ತದೆ.

ಆದರೆ ನಿಮ್ಮ ಪಟ್ಟಿಯನ್ನು ನೋಡಿದರೆ, ನೀವು ಬಿಡಬೇಕಾದದ್ದು ಒಂದನ್ನಲ್ಲ, ನಾಲ್ಕನ್ನು ಎಂದು ನಮಗೆ ಅನ್ನಿಸುತ್ತದೆ. ಅಷ್ಟೇ ಅಲ್ಲ, ನಿಮ್ಮಲ್ಲಿ ಇಲ್ಲದ ಒಂದನ್ನು ಸೇರಿಸಬೇಕಾಗಿಯೂ ಬರಬಹುದು. ಒಂದು ಕ್ಲಬ್ ಬ್ಯಾಗಿನಲ್ಲಿ ಇರಬೇಕೋ ಬೇಡವೋ ಎಂಬುದನ್ನು ಅದರ ತಳದ ಮೇಲೆ ಕೆತ್ತಿದ ಅಂಕಿ ಹೇಳುವುದಿಲ್ಲ. ಬೇರೆ ಯಾವ ಕ್ಲಬ್ಬೂ ನಿಮ್ಮ ಕೈಯಲ್ಲಿ ಕೊಡದ ಒಂದು ದೂರವನ್ನು ಅದು ಕೊಡುತ್ತದೆಯೇ ಎಂಬುದಷ್ಟೇ ಅದನ್ನು ತೀರ್ಮಾನಿಸುತ್ತದೆ. ಆದ್ದರಿಂದ ಮುಂದಿನ ಬಾರಿ ಬೆಂಗಳೂರಿಗೆ ಹೋದಾಗ ಡ್ರೈವಿಂಗ್ ರೇಂಜ್‌ನಲ್ಲಿ (ಚೆಂಡು ಹೊಡೆದು ಅಭ್ಯಾಸ ಮಾಡುವ ಬಯಲಿನಲ್ಲಿ) ಒಂದು ಬೆಳಗ್ಗೆಯನ್ನು ಇದಕ್ಕಾಗಿಯೇ ಮೀಸಲಿಟ್ಟು, ಪ್ರತಿ ಕ್ಲಬ್‌ನಿಂದ ಹತ್ತು ಚೆಂಡುಗಳನ್ನು ಹೊಡೆಯಿರಿ. ತೀರ ಕೆಟ್ಟ ಎರಡು ಮೂರನ್ನು ಬಿಟ್ಟು, ಉಳಿದವು ಸಾಮಾನ್ಯವಾಗಿ ಎಲ್ಲಿ ನೆಲ ಮುಟ್ಟುತ್ತವೆ ಎಂಬುದನ್ನು ಬರೆದುಕೊಳ್ಳಿ. ಉರುಳಿ ನಿಂತ ಜಾಗವನ್ನಲ್ಲ, ಮೊದಲು ನೆಲ ಮುಟ್ಟಿದ ಜಾಗವನ್ನೇ ಬರೆಯಬೇಕು. ಜೀವಮಾನದಲ್ಲಿ ಒಮ್ಮೆ ಹೋದ ಅತಿ ಉದ್ದದ ಹೊಡೆತವನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ಗಾಲ್ಫ್ ಆಡುವವರಲ್ಲಿ ಬಹಳ. ಗ್ರೀನ್‌ಗೆ ಮುಟ್ಟದೆ ಮುಂದಿನ ಬಂಕರ್‌ನಲ್ಲಿ (ಮರಳಿನ ಗುಂಡಿಯಲ್ಲಿ) ಬೀಳುವ ಚೆಂಡುಗಳಲ್ಲಿ ಹೆಚ್ಚಿನವಕ್ಕೆ ಅದೇ ಕಾರಣ. ರೇಂಜಿನ ಸವೆದ ಚೆಂಡುಗಳು ತುಸು ಕಡಿಮೆ ಹೋಗುತ್ತವೆಯಾದರೂ, ಕ್ಲಬ್‌ನಿಂದ ಕ್ಲಬ್‌ಗೆ ಇರುವ ಅಂತರವನ್ನು ತಿಳಿಯಲು ಅದು ಅಡ್ಡಿಯಾಗದು.

ಹೀಗೆ ಬರೆದಿಟ್ಟ ಪಟ್ಟಿಯಲ್ಲಿ ಒಂದು ಕ್ಲಬ್‌ಗೂ ಮುಂದಿನದಕ್ಕೂ 10ರಿಂದ 15 ಗಜಗಳ ಅಂತರವಿರಬೇಕು. ನಿಮ್ಮ 3, 4 ಮತ್ತು 5ರ ಐರನ್‌ಗಳು ಹೆಚ್ಚುಕಡಿಮೆ ಒಂದೇ ದೂರ ಹೋಗುವುದನ್ನು ಅಲ್ಲಿ ನೀವೇ ಕಾಣುವಿರಿ. ಲಾಫ್ಟ್ ಕಡಿಮೆಯಿರುವ ಉದ್ದ ಐರನ್‌ನಿಂದ ಹೊರಟ ಚೆಂಡು ಗಾಳಿಯಲ್ಲಿ ಸಾಕಷ್ಟು ಹೊತ್ತು ನಿಲ್ಲಬೇಕಾದರೆ ವೇಗವೂ ಬೇಕು, ಹಿಮ್ಮುಖ ತಿರುಗುವಿಕೆಯೂ ಬೇಕು. ಅರವತ್ತು ದಾಟಿದವರ ಸ್ವಿಂಗ್‌ನಲ್ಲಿ ಆ ವೇಗ ಸಾಮಾನ್ಯವಾಗಿ ಉಳಿದಿರುವುದಿಲ್ಲವಾದ್ದರಿಂದ ಚೆಂಡು ಬೇಗನೆ ಕೆಳಗಿಳಿಯುತ್ತದೆ. ಹೈಬ್ರಿಡ್‌ನ ತಳ ಅಗಲವಾಗಿದ್ದು, ತೂಕ ಕೆಳಕ್ಕೂ ಹಿಂದಕ್ಕೂ ಸರಿದಿರುವುದರಿಂದ ಅದೇ ವೇಗಕ್ಕೆ ಚೆಂಡನ್ನು ಹೆಚ್ಚು ಎತ್ತುತ್ತದೆ. ಆದ್ದರಿಂದ 3 ಮತ್ತು 4ರ ಐರನ್‌ಗಳನ್ನು ಮನೆಯಲ್ಲಿಡಿ. ಸುಮಾರು 15 ಡಿಗ್ರಿಯ 3ರ ವುಡ್ ಅನ್ನು ಟೀ (ಚೆಂಡಿಡುವ ಪುಟ್ಟ ಗೂಟ) ಇಲ್ಲದೆ ನೆಲದಿಂದ ಚೆನ್ನಾಗಿ ಎತ್ತುವವರು ಕಡಿಮೆ. 18–19 ಡಿಗ್ರಿಯ 5ರ ವುಡ್ ನಿಮ್ಮಲ್ಲಿರುವಾಗ ಅದೂ ಬೇಡ. ನಾಲ್ಕನೆಯದು ನೀವು ಆಸೆಯಿಂದ ಕೊಂಡ 60 ಡಿಗ್ರಿಯ ವೆಡ್ಜ್. ಪೂರ್ತಿ ಸ್ವಿಂಗ್ ಹಾಕಿದರೂ ಚೆಂಡನ್ನು ಮುಂದಕ್ಕಿಂತ ಮೇಲಕ್ಕೇ ಹೆಚ್ಚು ಕಳಿಸುವ ಈ ಕ್ಲಬ್, ವಾರಕ್ಕೆ ಹಲವು ಗಂಟೆ ಅದನ್ನೇ ಅಭ್ಯಾಸ ಮಾಡುವವರಿಗೆ ಸರಿ. ತುಸು ತಪ್ಪಿದರೆ ಚೆಂಡಿನ ನೆತ್ತಿಗೆ ತಾಗಿ ಗ್ರೀನ್‌ನ ಆಚೆಗೆ ಹೋಗುತ್ತದೆ.

ಈಗ ಸೇರಿಸಬೇಕಾದುದರ ವಿಷಯ. ಕಳೆದ ಕೆಲವು ದಶಕಗಳಲ್ಲಿ ತಯಾರಕರು ಐರನ್‌ಗಳ ಲಾಫ್ಟ್ ಅನ್ನು ಇಳಿಸುತ್ತಲೇ ಬಂದಿದ್ದಾರೆ. ಹಿಂದೆ 35 ಡಿಗ್ರಿಯ ಆಸುಪಾಸಿನಲ್ಲಿದ್ದ 7ರ ಐರನ್ ಇಂದು ಅನೇಕ ಸೆಟ್‌ಗಳಲ್ಲಿ 30 ಡಿಗ್ರಿಗೆ ಬಂದಿದೆ; 48ರಲ್ಲಿದ್ದ ಪಿಚಿಂಗ್ ವೆಡ್ಜ್ 44ಕ್ಕೆ ಇಳಿದಿದೆ. ಹೊಸ ಐರನ್ ಹೆಚ್ಚು ದೂರ ಹೋಗುತ್ತದೆ ಎಂಬ ಜಾಹೀರಾತಿನ ಒಳಗುಟ್ಟಿನಲ್ಲಿ ಒಂದು ಪಾಲು ಇದೇ. ಆದರೆ ಸ್ಯಾಂಡ್ ವೆಡ್ಜ್ ಮಾತ್ರ 54–56 ಡಿಗ್ರಿಯಲ್ಲೇ ಉಳಿದಿರುವುದರಿಂದ, ಮಧ್ಯದಲ್ಲಿ 10–12 ಡಿಗ್ರಿಯ ಕಂದಕ ಬಿದ್ದಿದೆ. ಮಾಮೂಲು ಆಟಗಾರ ಗ್ರೀನ್‌ನತ್ತ ಆಗಾಗ ಹೊಡೆಯುವ ದೂರವೂ ಅಲ್ಲೇ ಬರುತ್ತದೆ. ನಿಮ್ಮ ಸೆಟ್‌ನ ಮಾದರಿಯ ಹೆಸರಿನಿಂದ ಪಿಚಿಂಗ್ ವೆಡ್ಜ್‌ನ ಲಾಫ್ಟ್ ಎಷ್ಟೆಂದು ತಿಳಿದುಕೊಳ್ಳಿ. ಅದು 46ಕ್ಕಿಂತ ಕಡಿಮೆಯಿದ್ದರೆ 50 ಡಿಗ್ರಿಯ ಗ್ಯಾಪ್ ವೆಡ್ಜ್ ಒಂದನ್ನು ಕೊಳ್ಳಿ. 48 ಇದ್ದರೆ ಅದರ ಅಗತ್ಯವಿಲ್ಲ. ಹೀಗೆ ನಿಮ್ಮ ಬ್ಯಾಗ್ 11 ಅಥವಾ 12 ಕ್ಲಬ್‌ಗಳಿಗೆ ನಿಲ್ಲುತ್ತದೆ.

5ರ ಐರನ್ ಅನ್ನು ಏಕೆ ಉಳಿಸಿದಿರಿ ಎಂದು ನೀವು ಕೇಳಬಹುದು. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನವಾಗುತ್ತಿದ್ದಂತೆ ಕಡಲಗಾಳಿ ಎದ್ದು ಪಶ್ಚಿಮದಿಂದ ಬೀಸುತ್ತದೆ. ಸಮುದ್ರದ ಕಡೆ ಮುಖ ಮಾಡಿದ ಹೋಲ್‌ನಲ್ಲಿ ಹೈಬ್ರಿಡ್‌ನಿಂದ ಎತ್ತರಕ್ಕೆ ಎದ್ದ ಚೆಂಡನ್ನು ಆ ಗಾಳಿ ತಡೆದು ಕೆಳಗಿಳಿಸುತ್ತದೆ. ಅಂಥ ಹೊತ್ತಿನಲ್ಲಿ ಬಲ ಹಾಕಿ ಬೀಸಿದಷ್ಟೂ ಚೆಂಡಿನ ತಿರುಗುವಿಕೆ ಹೆಚ್ಚಿ, ಅದು ಇನ್ನೂ ಮೇಲೇರುತ್ತದೆ. 7ರ ಐರನ್‌ನ ದೂರಕ್ಕೆ 5ರ ಐರನ್ ಹಿಡಿದು, ಚೆಂಡನ್ನು ತುಸು ಹಿಂದಕ್ಕಿಟ್ಟು, ಮುಕ್ಕಾಲು ಸ್ವಿಂಗ್‌ನಲ್ಲಿ ಮೆತ್ತಗೆ ಹೊಡೆಯುವುದೇ ಸರಿಯಾದ ಕ್ರಮ. ಬೆಳಗ್ಗೆ ಮಾತ್ರ ಆಡುವವರಾದರೆ ಅದರ ಬದಲು 5ರ ಹೈಬ್ರಿಡ್ ಇಟ್ಟುಕೊಳ್ಳಬಹುದು.

ಇನ್ನೊಂದು ಮಾತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತೆಳುವಾಗಿರುವುದರಿಂದ, ಕಾಣಕೋಣದಲ್ಲಿ 150 ಗಜ ಹೋಗುವ ಹೊಡೆತ ಅಲ್ಲಿ ಐದಾರು ಗಜ ಹೆಚ್ಚೇ ಹೋಗುತ್ತದೆ. ಇದಕ್ಕಾಗಿ ಬ್ಯಾಗಿನ ಕ್ಲಬ್‌ಗಳನ್ನು ಬದಲಿಸಬೇಕಾಗಿಲ್ಲ. ಆದರೆ ಅಲ್ಲಿನ ರೇಂಜ್‌ನಲ್ಲಿ ಬರೆದುಕೊಂಡ ದೂರಗಳನ್ನು ಇಲ್ಲಿ ಹಾಗೆಯೇ ನಂಬಬೇಡಿ.

ಪ್ರಶ್ನೆ: ಶಿರಸಿ ಸಮೀಪ ಅಡಿಕೆ ತೋಟವಿರುವ ನನಗೆ 28 ವರ್ಷ. ಓದುವಾಗ ಗೆಳೆಯರೊಂದಿಗೆ ಕೆಲವು ಸಲ ಗಾಲ್ಫ್ ಆಡಿದ್ದೆ; ಈಗ ಶ್ರದ್ಧೆಯಿಂದ ಕಲಿಯುವ ಆಸೆಯಿದೆ. ನಮ್ಮ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಅಭ್ಯಾಸಕ್ಕೆ ಜಾಗವಿದೆ. ಪೂರ್ತಿ ಸೆಟ್ ಕೊಳ್ಳಬೇಕೇ? – ಕೃಷಿಕ, ಶಿರಸಿ

ಉತ್ತರ: ಬೇಡ. ಒಂದು ಪಟರ್, 54 ಅಥವಾ 56 ಡಿಗ್ರಿಯ ಸ್ಯಾಂಡ್ ವೆಡ್ಜ್, ಪಿಚಿಂಗ್ ವೆಡ್ಜ್, 9 ಮತ್ತು 7ರ ಐರನ್, 5ರ ಹೈಬ್ರಿಡ್, 5ರ ವುಡ್ – ಇಷ್ಟಿದ್ದರೆ ನಿಮ್ಮ ಮೊದಲ ವರ್ಷ ಸಲೀಸಾಗಿ ಕಳೆಯುತ್ತದೆ. ಹಿಂದಿನಿಂದಲೂ ಕಲಿಯುವವರು ಅರ್ಧ ಸೆಟ್‌ನಲ್ಲೇ ಆರಂಭಿಸುತ್ತಿದ್ದರು. ಒಂದು ಬಿಟ್ಟು ಒಂದು ಅಂಕಿಯ ಐರನ್‌ಗಳನ್ನು ಇಟ್ಟುಕೊಂಡಾಗ, ನಡುವಿನ ದೂರಕ್ಕೆ ಸ್ವಿಂಗ್ ಅನ್ನು ಚಿಕ್ಕದು ಮಾಡಲು, ಹಿಡಿತವನ್ನು ಒಂದಂಗುಲ ಕೆಳಗಿಳಿಸಲು ಕೈ ತಾನಾಗಿ ಕಲಿಯುತ್ತದೆ. ಹದಿನಾಲ್ಕೂ ಕ್ಲಬ್ ಇರುವವನಿಗೆ ಈ ವಿದ್ಯೆ ತಡವಾಗಿ ಬರುತ್ತದೆ. ಡ್ರೈವರ್ ಅನ್ನು ನಾವು ಬೇಕೆಂದೇ ಕೈಬಿಟ್ಟಿದ್ದೇವೆ. ಬ್ಯಾಗಿನಲ್ಲಿ ಅತ್ಯಂತ ಉದ್ದನೆಯದೂ ಪಟರ್ ಬಿಟ್ಟರೆ ಅತಿ ಕಡಿಮೆ ಲಾಫ್ಟ್‌ನದೂ ಆಗಿರುವ ಆ ಕ್ಲಬ್ ಆರಂಭದಲ್ಲಿ ಚೆಂಡನ್ನು ಮುಂದಕ್ಕೆ ಕಳಿಸುವುದಕ್ಕಿಂತ ಪಕ್ಕದ ಪೊದೆಗೆ ಕಳಿಸುವುದೇ ಹೆಚ್ಚು.

ಬಳಸಿದ ಕ್ಲಬ್‌ಗಳನ್ನು ಕೊಳ್ಳಲು ಹಿಂಜರಿಯಬೇಡಿ. ಶಾಫ್ಟ್ (ಹಿಡಿಕೆಗೂ ತಲೆಗೂ ನಡುವಿನ ದಂಡ) ಬಾಗಿಲ್ಲ, ಅದರ ಮೇಲೆ ಬಿರುಕಿಲ್ಲ, ತಲೆ ಅಲುಗಾಡುವುದಿಲ್ಲ ಎಂಬುದನ್ನು ನೋಡಿಕೊಳ್ಳಿ. ವೆಡ್ಜ್ ಆದರೆ ಮುಖದ ಗೆರೆಗಳು ಉಗುರಿಗೆ ಸಿಗುವಷ್ಟು ಆಳವಿರಬೇಕು. ಹಿಡಿಕೆಯ ರಬ್ಬರ್ ಸವೆದಿದ್ದರೆ ಚಿಂತೆಯಿಲ್ಲ, ಅದನ್ನು ಸುಲಭವಾಗಿ ಬದಲಿಸಬಹುದು.

ಬ್ಯಾಣದ ಅಭ್ಯಾಸದ ಬಗ್ಗೆ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಅಲ್ಲಿನ ಹುಲ್ಲಿನ ಕೆಳಗೆ ಜಂಬಿಟ್ಟಿಗೆ ಇರುವುದೇ ಹೆಚ್ಚು. ಐರನ್ ಬೀಸಿದಾಗ ಅದಕ್ಕೆ ತಾಗಿದರೆ ಕ್ಲಬ್‌ನ ಅಂಚು ಮುಕ್ಕಾಗುವುದಲ್ಲದೆ ಮಣಿಕಟ್ಟಿಗೂ ಪೆಟ್ಟಾಗುತ್ತದೆ. ದಪ್ಪ ಚಾಪೆಯೊಂದನ್ನು ಹಾಸಿ ಅದರ ಮೇಲಿನಿಂದಲೇ ಹೊಡೆಯಿರಿ. ಕೊಟ್ಟಿಗೆ, ದಾರಿ, ಮೇಯುವ ದನಗಳು ಹೊಡೆತದ ದಿಕ್ಕಿನಲ್ಲಿ ಇರಬಾರದೆಂದು ಹೇಳುವುದು ಬೇಡವೆಂದುಕೊಂಡಿದ್ದೇವೆ. ಆದರೂ ಗಾಲ್ಫ್ ಚೆಂಡು 46 ಗ್ರಾಂ ತೂಕದ ಗಟ್ಟಿ ವಸ್ತುವೆಂಬುದು ನೆನಪಿರಲಿ.

ಪ್ರಶ್ನೆ: ಪತಿಯೊಂದಿಗೆ ನಾನೂ ಗಾಲ್ಫ್ ಆಡತೊಡಗಿದ್ದೇನೆ. ಅವರ ಕ್ಲಬ್‌ಗಳನ್ನೇ ಬಳಸಿದರೆ ಸಾಲದೇ? ಇಬ್ಬರೂ ಒಂದೇ ಬ್ಯಾಗ್‌ನಿಂದ ಆಡಲು ನಿಯಮ ಒಪ್ಪುತ್ತದೆಯೇ? – ಓದುಗಿ, ಕುಮಟಾ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ಪ್ರತಿಯೊಬ್ಬರೂ ತಮಗಾಗಿ ಆಡುವ ಪಂದ್ಯದಲ್ಲಿ ಒಬ್ಬರ ಕ್ಲಬ್ಬನ್ನು ಇನ್ನೊಬ್ಬರು ಬಳಸುವಂತಿಲ್ಲ. ಇಬ್ಬರೂ ಒಂದೇ ಪಕ್ಷದ ಜೋಡಿಯಾಗಿ ಆಡುವಾಗ, ಇಬ್ಬರ ಕ್ಲಬ್‌ಗಳೂ ಸೇರಿ 14ನ್ನು ಮೀರದಿದ್ದರೆ ಮಾತ್ರ ಹಂಚಿಕೊಳ್ಳಬಹುದು. ಪಂದ್ಯವಲ್ಲದ ಆಟದಲ್ಲೂ ಅನೇಕ ಕೋರ್ಸ್‌ಗಳು ಪ್ರತಿ ಆಟಗಾರರಿಗೆ ಪ್ರತ್ಯೇಕ ಬ್ಯಾಗ್ ಇರಬೇಕೆಂದು ಕಟ್ಟುನಿಟ್ಟು ಮಾಡುತ್ತವೆ. ಬ್ಯಾಗ್ ಒಂದೇ ಆದಾಗ ಹಿಂದೆ ಬರುವವರು ಕಾಯಬೇಕಾಗುತ್ತದೆ.

ಇನ್ನು ಮೊದಲನೆಯದು. ಪುರುಷರ ಐರನ್‌ಗಳಿಗಿಂತ ಮಹಿಳೆಯರವು ಸುಮಾರು ಒಂದು ಅಂಗುಲ ಗಿಡ್ಡ, ಶಾಫ್ಟ್ ಹಗುರ ಮತ್ತು ಹೆಚ್ಚು ಬಳುಕುವಂಥದ್ದು. ನಿಮ್ಮ ಯಜಮಾನರ ಉಕ್ಕಿನ ಶಾಫ್ಟ್‌ನ ಐರನ್ ಹಿಡಿದರೆ, ನಿಮಗರಿವಿಲ್ಲದೆಯೇ ನೆಟ್ಟಗೆ ನಿಂತು, ಭುಜದ ಬಲದಿಂದ ಬೀಸುವ ಅಭ್ಯಾಸ ಬೆಳೆಯುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಆದ್ದರಿಂದ ನಿಮಗೆಂದೇ 12 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಲಾಫ್ಟ್‌ನ ಡ್ರೈವರ್, 5 ಮತ್ತು 7ರ ವುಡ್, 5 ಮತ್ತು 6ರ ಹೈಬ್ರಿಡ್, 7ರಿಂದ 9ರವರೆಗಿನ ಐರನ್‌ಗಳು, ಎರಡು ವೆಡ್ಜ್ ಕೊಳ್ಳಿ. ಪಟರ್ ಮಾತ್ರ ನಿಮ್ಮ ಎತ್ತರಕ್ಕೆ ಹೊಂದಿದರೆ ಯಾರದ್ದಾದರೂ ಆದೀತು. ಇದೇ ಸಲಹೆ, ಡ್ರೈವರ್‌ನ ಲಾಫ್ಟ್ ಸಮೇತ, ಎಪ್ಪತ್ತರ ಹತ್ತಿರದ ಅನೇಕ ಪುರುಷರಿಗೂ ಸಲ್ಲುತ್ತದೆ. ಅವರು ಕೇಳುವುದಿಲ್ಲ, ಆ ಮಾತು ಬೇರೆ.

ಪ್ರಶ್ನೆ: ವೆಡ್ಜ್‌ಗಳ ಮೇಲೆ 56–12, 56–8 ಎಂದು ಎರಡೆರಡು ಅಂಕಿಗಳಿರುತ್ತವೆ. ಎರಡನೆಯದು ಏನು? ಯಾವುದು ನಮ್ಮ ನೆಲಕ್ಕೆ ಹೊಂದುತ್ತದೆ? – ವಿದ್ಯಾರ್ಥಿ, ಅಂಕೋಲಾ

ಉತ್ತರ: ಮೊದಲನೆಯದು ಲಾಫ್ಟ್, ಎರಡನೆಯದು ಬೌನ್ಸ್, ಎರಡೂ ಡಿಗ್ರಿಯಲ್ಲೇ. ಕ್ಲಬ್ಬನ್ನು ನೆಲಕ್ಕೆ ಇಟ್ಟಾಗ ತಳದ ಹಿಂಭಾಗ ಮುಂದಿನ ಅಂಚಿಗಿಂತ ಎಷ್ಟು ಕೆಳಗಿದೆ ಎಂಬುದನ್ನು ಬೌನ್ಸ್ ಹೇಳುತ್ತದೆ. ಬೌನ್ಸ್ ಹೆಚ್ಚಿದ್ದರೆ ಕ್ಲಬ್ ಮರಳಿನೊಳಗೆ ಹೂತುಹೋಗದೆ, ದೋಣಿಯ ತಳ ನೀರಿನ ಮೇಲೆ ಸಾಗುವಂತೆ ಸಾಗಿ ಹೊರಬರುತ್ತದೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ಆಟಗಾರ ಜೀನ್ ಸರಾಜೆನ್ ಕ್ಲಬ್‌ನ ತಳಕ್ಕೆ ಲೋಹ ಬೆಸೆದು ಇಂಥ ವೆಡ್ಜ್ ಅನ್ನು ರೂಪಿಸಿಕೊಂಡರು. 1932ರ ಬ್ರಿಟಿಷ್ ಓಪನ್ ಗೆಲ್ಲುವಾಗ ಅದು ಅವರ ಬ್ಯಾಗಿನಲ್ಲಿತ್ತು.

ನಮ್ಮ ಕಡೆ ಈ ಆಯ್ಕೆ ಋತುವಿನೊಂದಿಗೆ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಲಿನಂತಾಗುವ ಕೆಂಪು ನೆಲದ ಮೇಲೆ 12 ಡಿಗ್ರಿ ಬೌನ್ಸ್‌ನ ವೆಡ್ಜ್ ನೆಲಕ್ಕೆ ಬಡಿದು ಎಗರಿ ಚೆಂಡಿನ ಹೊಟ್ಟೆಗೆ ತಾಗುತ್ತದೆ. ಮಳೆ ಹಿಡಿದ ಮೇಲೆ ಮೆತ್ತಗಾದ ಅದೇ ನೆಲದಲ್ಲಿ 6 ಡಿಗ್ರಿಯದು ಅಗೆದು ನಿಲ್ಲುತ್ತದೆ. ಒಂದೇ ವೆಡ್ಜ್ ಕೊಳ್ಳುವುದಾದರೆ 8ರಿಂದ 10 ಡಿಗ್ರಿಯದು ಇರಲಿ. ಎರಡನ್ನು ಕೊಳ್ಳುವವರು 50 ಅಥವಾ 52ರದ್ದನ್ನು ಕಡಿಮೆ ಬೌನ್ಸ್‌ನದಾಗಿಯೂ 56ರದ್ದನ್ನು ಹೆಚ್ಚಿನದಾಗಿಯೂ ಆರಿಸಿಕೊಂಡರೆ, ಗಟ್ಟಿ ನೆಲಕ್ಕೆ ಒಂದು, ಬಂಕರ್‌ಗೂ ಮಳೆಗಾಲಕ್ಕೂ ಇನ್ನೊಂದು ಎಂದಾಗುತ್ತದೆ.

ಪ್ರಶ್ನೆ: ಉಪ್ಪುಗಾಳಿಗೆ ಕ್ಲಬ್‌ಗಳು ತುಕ್ಕು ಹಿಡಿಯುತ್ತಿವೆ. ಬಳಸದವನ್ನು ಎಲ್ಲಿಡಬೇಕು? – ಗೃಹಸ್ಥ, ಕಾರವಾರ

ಉತ್ತರ: ಲೇಪನವಿಲ್ಲದ ಕಾರ್ಬನ್ ಉಕ್ಕಿನ ವೆಡ್ಜ್‌ಗಳನ್ನು ಕರಾವಳಿಯವರು ಕೊಳ್ಳದಿರುವುದೇ ಮೇಲು, ಅವು ತುಕ್ಕು ಹಿಡಿಯಲೆಂದೇ ಹಾಗೆ ಬಿಟ್ಟವು. ಕ್ರೋಮ್ ಲೇಪನದ ಅಥವಾ ಸ್ಟೇನ್‌ಲೆಸ್ ಉಕ್ಕಿನ ಕ್ಲಬ್‌ಗಳನ್ನು ಆಡಿ ಬಂದ ದಿನವೇ ಸಿಹಿನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ತಲೆಯ ಮೇಲೆ ಹೊಲಿಗೆಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ ಇಡಿ. ಎಣ್ಣೆ ಹಿಡಿಕೆಗೆ ತಾಗಬಾರದು. ಒದ್ದೆ ತಲೆಗೆ ಉಣ್ಣೆಯ ಕವರ್ ಹಾಕಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗನ್ನು ಕಾರಿನ ಡಿಕ್ಕಿಯಲ್ಲಿ ಬಿಡದೆ, ಗಾಳಿಯಾಡುವ ಕೋಣೆಯಲ್ಲಿ, ಜಿಪ್‌ಗಳನ್ನೆಲ್ಲ ತೆರೆದು ನಿಲ್ಲಿಸಿಡಿ.