ಹಳೆ ಪೆಟ್ರೋಲ್ ಕಾರಿಗೆ ಇಂಜೆಕ್ಟರ್ ಕ್ಲೀನರ್ ಹಾಕಬೇಕಾ?

ನಿಮ್ಮ ಹಳೆ ಕಾರಿಗೆ ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ತೊಳೆಯುವ ಈ ದ್ರವ ಹಾಕಬೇಕಾ ಅಂತ ಕೇಳಿದ್ದೀರಿ. ಅದನ್ನು ಪ್ರತಿ ಸಲ ಟ್ಯಾಂಕ್ ತುಂಬಿಸುವಾಗ ಹಾಕುವುದು ಸುಮ್ನೆ ದುಡ್ಡು ದಂಡ. ಬಂಕ್‌ನಲ್ಲಿ "ಮೈಲೇಜ್ ಜಾಸ್ತಿ ಬರುತ್ತೆ ಸಾರ್" ಅಂತ ಬಾಟಲಿ ತೋರಿಸಿದರೆ ಬೇಡ ಅನ್ನಿ.

ಆದರೆ ನಿಮ್ಮ ಕಾರು ಮೈಸೂರಿನೊಳಗೇ ಚಿಕ್ಕಚಿಕ್ಕ ಓಡಾಟ ಮಾಡುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತದೆ ಅಂದಿದ್ದೀರಿ. ಮೊದಲು ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ನೋಡಿಸಿ. ಅವು ಸರಿಯಿದ್ದರೆ ಇಂಜೆಕ್ಟರ್‌ನಲ್ಲಿ ಮಡ್ಡಿ ಕಟ್ಟಿರಬಹುದು. ಆಗ ಒಂದು ಬಾಟಲಿ ಹಾಕಿ ನೋಡಬಹುದು. ಲೇಬಲ್ ಮೇಲೆ ಪಾಲಿಈಥರ್ ಅಮೀನ್ (ಪಿಇಎ) ಅಂತ ಇರಲಿ, ಮಡ್ಡಿ ಕರಗಿಸುವುದು ಅದೇ. ಡೀಸೆಲ್‌ದು ತರಬೇಡಿ.

ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಮೊದಲು ಕ್ಲೀನರ್ ಸುರಿಯಿರಿ, ಆಮೇಲೆ ಪೆಟ್ರೋಲ್ ಹಾಕಿಸಿ. ಬೀಳುವ ರಭಸಕ್ಕೆ ತಾನೇ ಬೆರೆಯುತ್ತದೆ. ಅಳತೆ ಬಾಟಲಿಯಲ್ಲಿ ಹೇಳಿದಷ್ಟೇ, ಜಾಸ್ತಿ ಸುರಿದರೆ ಜಾಸ್ತಿ ಕ್ಲೀನ್ ಆಗಲ್ಲ. ಮಂಡ್ಯದ ಕಡೆ ಒಂದು ಉದ್ದ ಓಟ ಹೋಗಿಬಂದರೆ ಒಳ್ಳೆಯದು.

ಡೈರೆಕ್ಟ್ ಇಂಜೆಕ್ಷನ್ ಎಂಜಿನ್ (ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮುವಂಥದ್ದು) ಆದರೆ ಇನ್‌ಟೇಕ್ ವಾಲ್ವ್ (ಗಾಳಿ ಒಳಬಿಡುವ ಕವಾಟ) ಮೇಲಿನ ಮಸಿ ಇದರಿಂದ ಹೋಗಲ್ಲ. ಅಲ್ಲಿಗೆ ಪೆಟ್ರೋಲ್ ತಾಗುವುದೇ ಇಲ್ವಲ್ಲ! ಆಕ್ಟೇನ್ ಬೂಸ್ಟರ್ (ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಉರಿಯದಂತೆ ತಡೆಯುವ ದ್ರವ) ಕೂಡ ಸಾಮಾನ್ಯ ಎಂಜಿನ್‌ಗೆ ಬೇಕಿಲ್ಲ. ಇನ್ನು ಇ20 ಪೆಟ್ರೋಲ್‌ನಲ್ಲಿ 20% ಎಥೆನಾಲ್ ಇರುತ್ತದೆ. ಹಳೇ ರಬ್ಬರ್ ಪೈಪ್ ಅದಕ್ಕೆ ತಡೆಯದಿದ್ದರೆ ಪೈಪನ್ನೇ ಬದಲಾಯಿಸಬೇಕು, ಬಾಟಲಿಯಿಂದ ಆಗುವ ಕೆಲಸವಲ್ಲ.