ಟಿವಿಯಲ್ಲಿ ಗ್ರೇಸ್ಕೇಲ್ (ಕಪ್ಪಿನಿಂದ ಬಿಳಿಯವರೆಗಿನ ಬೂದು ಛಾಯೆಗಳ ಬಣ್ಣ) ತಿದ್ದಿದಾಗಲೆಲ್ಲ ಗಾಮಾ ಕೆಡುತ್ತಿದೆ. ಯಾವುದನ್ನು ಮೊದಲು ಮಾಡಬೇಕು? ಬಣ್ಣ ಅಳೆಯುವ ಮೀಟರ್ ಬೇಕೇ ಬೇಕಾ?

ಕಪ್ಪುಬಿಳುಪು ಚಿತ್ರ ಹಾಕಿದರೆ ನೆರಳೆಲ್ಲ ಕೆಂಪಗೆ, ಬಿಳಿ ಅಂಗಿ ನೀಲಿ ನೀಲಿ ಎಂದು ಬರೆದಿದ್ದೀರಿ. ನನ್ನ ಟಿವಿಯದೂ ಇದೇ ಕಥೆಯಾಗಿತ್ತು. ಕೆಂಪು, ಹಸಿರು, ನೀಲಿ ಮೂರೂ ಬಣ್ಣದ ಗೇನ್ (ಚಿತ್ರದ ಬೆಳಕಿನ ಭಾಗಗಳಲ್ಲಿ ಆ ಬಣ್ಣದ ಪ್ರಮಾಣ) ಅನ್ನು ಒಂದೊಂದಾಗಿ ಬದಲಿಸಿ ನೋಡಿದೆ ಎಂದಿದ್ದೀರಲ್ಲ, ತೊಂದರೆ ಅಲ್ಲೇ ಇದೆ. ಹಸಿರನ್ನು ಮುಟ್ಟಬೇಡಿ.

ಕಾರಣ ಹೇಳುತ್ತೇನೆ. ಬಿಳಿಯ ಹೊಳಪಿನಲ್ಲಿ ಸುಮಾರು 72% ಹಸಿರಿನದು, 21% ಕೆಂಪಿನದು, ನೀಲಿಯದು ಬರೀ 7%. ಹಸಿರನ್ನು ಸ್ವಲ್ಪ ಸರಿಸಿದರೂ ಬಣ್ಣದ ಜೊತೆಗೆ ಒಟ್ಟು ಹೊಳಪೂ ಏರಿಳಿಯುತ್ತದೆ. ಗಾಮಾ ಅಂದರೆ ಆ ಹೊಳಪು ಕಪ್ಪಿನಿಂದ ಬಿಳಿಗೆ ಹೇಗೆ ಏರುತ್ತದೆ ಎಂಬ ಲೆಕ್ಕವೇ ಆದ್ದರಿಂದ ಅದೂ ಅಲುಗುತ್ತದೆ. ಹಸಿರನ್ನು ಹಾಗೇ ಬಿಟ್ಟು ಕೆಂಪು, ನೀಲಿ ಎರಡನ್ನೇ ಅದಕ್ಕೆ ಹೊಂದಿಸಿದರೆ ಗಾಮಾ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಾಗಾಗಿ ಮೊದಲು ಗ್ರೇಸ್ಕೇಲ್, ಆಮೇಲೆ ಗಾಮಾ, ಕೊನೆಗೆ ಮತ್ತೊಮ್ಮೆ ಗ್ರೇಸ್ಕೇಲ್.

ಮೀಟರ್ ಬೇಕೇ ಬೇಕು. ನೀಲಿ ಬೆರೆತ ಬಿಳಿಯನ್ನು ಐದು ನಿಮಿಷ ನೋಡುತ್ತಾ ಕೂತರೆ ಕಣ್ಣು ಅದನ್ನೇ ಬಿಳಿ ಎಂದು ಒಪ್ಪಿಬಿಡುತ್ತದೆ. ಸಾಧಾರಣ ಕಲರಿಮೀಟರ್ ಸಾಕು. ಸಾಫ್ಟ್‌ವೇರ್‌ಗೆ ಎಚ್‌ಸಿಎಫ್‌ಆರ್ ಉಚಿತವಾಗಿ ಸಿಗುತ್ತದೆ. ಅದೇ ಮಾಡೆಲ್ ಇರುವ ಬೇರೆಯವರ ಅಂಕಿಗಳನ್ನು ಮಾತ್ರ ನಕಲು ಮಾಡಬೇಡಿ, ಒಂದು ಪ್ಯಾನೆಲ್ ಇದ್ದಂತೆ ಇನ್ನೊಂದು ಇರುವುದಿಲ್ಲ.

ಶುರು ಮಾಡುವ ಮುಂಚೆ ಸಿನಿಮಾ ಮೋಡ್, ಅದರಲ್ಲಿ ವಾರ್ಮ್ ಬಣ್ಣ ಆರಿಸಿ. ವಿದ್ಯುತ್ ಉಳಿತಾಯ, ಕೋಣೆಯ ಬೆಳಕಿನ ಸೆನ್ಸರ್, ಡೈನಾಮಿಕ್ ಕಾಂಟ್ರಾಸ್ಟ್ ಎಲ್ಲ ಆಫ್ ಆಗಿರಲಿ. ಇಲ್ಲದಿದ್ದರೆ ನೀವು ಅಳೆಯುತ್ತಿರುವಾಗಲೇ ಟಿವಿ ತನ್ನಷ್ಟಕ್ಕೆ ಹೊಳಪು ಬದಲಿಸುತ್ತಿರುತ್ತದೆ. ಟಿವಿ ಅರ್ಧ ಗಂಟೆ ಓಡಿ ಬಿಸಿಯಾಗಲಿ. ವೀಡಿಯೋದಲ್ಲಿ ಕಪ್ಪು ಅಂದರೆ ಸಂಕೇತದ ಅಂಕಿ 16. ಪರೀಕ್ಷಾ ಚಿತ್ರದಲ್ಲಿ ಆ ಅಂಕಿಯ ಪಟ್ಟಿ ಕಾಣದೆ, 17–18ರ ಪಟ್ಟಿಗಳು ಕಂಡೂ ಕಾಣದಂತೆ ಇರುವ ಹಾಗೆ ಬ್ರೈಟ್‌ನೆಸ್ ಇಡಿ.

ಈಗ ಬಿಳಿ ಸಂಕೇತದ 80%ರ ಬೂದು ಚೌಕದ ಪರೀಕ್ಷಾ ಚಿತ್ರ ಹಾಕಿ ಗೇನ್ ತಿದ್ದಿ. ಗುರಿ ಡಿ65 ಎಂಬ ಪ್ರಮಾಣಿತ ಬಿಳಿ, ಅಂದರೆ ಮೀಟರ್ ತೋರಿಸುವ ಬಣ್ಣದ ಅಂಕಿ ಎಕ್ಸ್ 0.3127, ವೈ 0.3290. ಬಿಳಿ ನೀಲಿಯಾಗಿದ್ದರೆ ಕೆಂಪು ಏರಿಸುವ ಬದಲು ನೀಲಿಯನ್ನು ಇಳಿಸಿ. ಕೆಂಪನ್ನು ಏರಿಸುತ್ತಾ ಹೋದರೆ 100%ರ ಹತ್ತಿರ ಅದು ಮೇಲೇರಲು ಜಾಗವಿಲ್ಲದೆ ನಿಂತುಬಿಡುತ್ತದೆ. ಆಮೇಲೆ 30%ರ ಚೌಕಕ್ಕೆ, ನೆರಳಿನ ಭಾಗದ ಬಣ್ಣ ತಿದ್ದುವ ಆಫ್‌ಸೆಟ್. ನಿಮ್ಮ ನೆರಳಿನ ಕೆಂಪು ಹೋಗುವುದು ಇಲ್ಲೇ. 30 ಸರಿಮಾಡಿ ಮರಳಿ ನೋಡಿದರೆ 80 ಸ್ವಲ್ಪ ಜಾರಿರುತ್ತದೆ, ಗಾಬರಿ ಬೇಡ. ಮೂರು ನಾಲ್ಕು ಸುತ್ತಿನಲ್ಲಿ ಎರಡೂ ನಿಲ್ಲುತ್ತವೆ.

ಗಾಮಾಗೆ ಬಂದರೆ, ಕೋಣೆಯಲ್ಲಿ ದೀಪ ಇದ್ದರೆ 2.2 ಇಡಿ. ಕತ್ತಲೆ ಮಾಡಿಕೊಂಡು ನೋಡುವವರಾದರೆ 2.4 ಅಥವಾ ಬಿಟಿ.1886 ಎಂಬ ಪ್ರಮಾಣಿತ ವಕ್ರರೇಖೆ. ಸರಿಯಾಗಿದೆಯೋ ಇಲ್ಲವೋ ಎಂದು ನೀವೇ ಲೆಕ್ಕ ಹಾಕಬಹುದು. 100% ಬಿಳಿ 120 ನಿಟ್ (ಹೊಳಪಿನ ಅಳತೆ) ಇದ್ದರೆ 50%ರ ಚೌಕ 2.2ಕ್ಕೆ 26 ನಿಟ್, 2.4ಕ್ಕೆ 23 ನಿಟ್ ತೋರಿಸಬೇಕು. 30 ಬಂದರೆ ನಿಮ್ಮ ಗಾಮಾ ನಿಜಕ್ಕೂ 2.0, ಚಿತ್ರ ತೊಳೆದಂತೆ ಪೇಲವವಾಗಿ ಕಾಣುತ್ತದೆ. ಗೇನ್ ಇಳಿಸಿದ ಮೇಲೆ 100% ಅನ್ನು ಹೊಸದಾಗಿ ಅಳೆಯಲು ಮರೆಯಬೇಡಿ. ಹಳೆಯ ಬಿಳಿಗೆ ಹೋಲಿಸಿದರೆ ಎಲ್ಲ ಅಂಕಿಯೂ ತಪ್ಪಾಗಿ ಬರುತ್ತದೆ.

ಬೂದಿನ 20 ಹಂತಗಳನ್ನೂ ಬೇರೆ ಬೇರೆಯಾಗಿ ತಿದ್ದುವ 20 ಪಾಯಿಂಟ್ ಮೆನು ಕಂಡರೆ ಕೈ ತಡೆಯುವುದಿಲ್ಲ, ನನಗೆ ಗೊತ್ತು. ನಾನೂ ಒಂದು ಇಡೀ ರಾತ್ರಿ ಕೂತು ಪ್ರತಿ ಪಾಯಿಂಟಿನ ಡೆಲ್ಟಾ ಇ (ಗುರಿಯಿಂದ ಬಣ್ಣ ಎಷ್ಟು ದೂರವಿದೆ ಎಂಬ ಅಂಕಿ) ಒಂದಕ್ಕಿಂತ ಕೆಳಗೆ ತಂದಿದ್ದೆ. ಮರುದಿನ ಮಂಜು ಮುಸುಕಿದ ಬೆಟ್ಟದ ದೃಶ್ಯವೊಂದು ಬಂತು. ಮಂಜಿನ ನಡುವೆ ಅಡ್ಡಡ್ಡ ತಿಳಿಗುಲಾಬಿ ಗೆರೆ, ಕೆಳಗೆ ಇನ್ನೊಂದು ಹಸಿರು ಗೆರೆ! 30%ರಲ್ಲಿ ಕೆಂಪನ್ನು 9 ಏರಿಸಿ ಪಕ್ಕದ 35 ಅನ್ನು ಹಾಗೇ ಬಿಟ್ಟಿದ್ದೆ. ಅಳೆದ ಚೌಕಗಳೆಲ್ಲ ಸರಿ, ಅವುಗಳ ನಡುವಿನ ದಾರಿಯೇ ಮುರಿದಿತ್ತು. ಎಲ್ಲವನ್ನೂ ಸೊನ್ನೆಗೆ ತಂದು 30, 80 ಎಂಬ ಎರಡು ಪಾಯಿಂಟಿನಲ್ಲೇ ಮತ್ತೆ ಮಾಡಿದೆ. ಆಮೇಲೆ ಅಗತ್ಯ ಕಂಡ ಮೂರು ಕಡೆ ಮಾತ್ರ ಒಂದೋ ಎರಡೋ ಹೆಜ್ಜೆ ಸರಿಸಿದೆ. ಡೆಲ್ಟಾ ಇ 3ರೊಳಗೆ ಇದ್ದರೆ ಓಡುವ ಚಿತ್ರದಲ್ಲಿ ತಪ್ಪು ಹುಡುಕುವುದು ಕಷ್ಟ. 5–10%ರ ಕತ್ತಲಲ್ಲಂತೂ ಸಾಧಾರಣ ಮೀಟರಿನ ಅಂಕಿಯೇ ಕುಣಿಯುತ್ತಿರುತ್ತದೆ, ಅದರ ಹಿಂದೆ ಹೋಗಬೇಡಿ.

ಇದೆಲ್ಲ ಸಾಮಾನ್ಯ ವೀಡಿಯೋ, ಅಂದರೆ ಎಸ್‌ಡಿಆರ್‌ಗೆ ಮಾತ್ರ. ಎಚ್‌ಡಿಆರ್10 ಎಂಬ ಹೆಚ್ಚು ಹೊಳಪಿನ ವೀಡಿಯೋದಲ್ಲಿ ಈ ಗಾಮಾ ಇಲ್ಲ, ಪಿಕ್ಯೂ ಎಂಬ ಬೇರೆ ವಕ್ರರೇಖೆ ಇದೆ. ಅದನ್ನು ಬೇರೆಯಾಗಿಯೇ ಅಳೆಯಬೇಕು.

ಮುಗಿಸಿದ ಮೇಲೆ ಕಪ್ಪಿನಿಂದ ಬಿಳಿಗೆ ಸಾಗುವ ಬೂದು ಪಟ್ಟಿಯನ್ನು ಪರದೆ ತುಂಬ ಹಾಕಿ, ಎಲ್ಲೂ ಬಣ್ಣದ ಗೆರೆ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಅದೇ ಕಪ್ಪುಬಿಳುಪು ಚಿತ್ರವನ್ನು ಮತ್ತೆ ಹಾಕಿ. ಕಾಲರಿನ ಬಿಳಿಯನ್ನೂ ಗಲ್ಲದ ಕೆಳಗಿನ ನೆರಳನ್ನೂ ಒಟ್ಟಿಗೆ ನೋಡಿ. ಇನ್ನೂ ಬಣ್ಣ ಕಂಡರೆ 30 ಮತ್ತು 80ರ ಎಕ್ಸ್, ವೈ ಅಂಕಿ ಇಲ್ಲಿ ಬರೆಯಿರಿ, ಯಾವುದನ್ನು ಎತ್ತ ಸರಿಸಬೇಕೆಂದು ಹೇಳುತ್ತೇನೆ.